ಹಂಚು ಮಾರಿ, ಗುಳಿಗೆ ಮಾರಿ

ಮಂಗಳೂರಿನಲ್ಲಿ ಹಳೆಯ ಮನೆ ಕೆಡಹುವಾಗ ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿ ನೋಡಿ, ಅದರ ಮೇಲೆ ‘1865’ ಎಂದು ಕಂಡು, ನಮ್ಮ ಮನೆಗೆ ನೂರೈವತ್ತು ವರ್ಷ ದಾಟಿದೆ ಎಂದು ಹೆಮ್ಮೆಪಡುವವರಿದ್ದಾರೆ. ಅವರ ಹೆಮ್ಮೆಗೆ ತಣ್ಣೀರು ಹಾಕಬಾರದು, ಆದರೆ ಆ ಇಸವಿ ಹಂಚು ಸುಟ್ಟದ್ದಲ್ಲ, ಕಾರ್ಖಾನೆ ಶುರುವಾದದ್ದು. ಆಮೇಲೆ ಎಷ್ಟೋ ವರ್ಷ ಕಳೆದು ಅಚ್ಚಿಗೆ ಬಿದ್ದ ಹಂಚಿನ ಮೇಲೂ ಅದೇ ಇಸವಿ ಒತ್ತಿದ್ದಾರೆ. ಜೆಪ್ಪುವಿನ ಮೋರ್ಗನ್ಸ್ ಗೇಟಿನ ಹತ್ತಿರ, ನೇತ್ರಾವತಿಯ ದಡದಲ್ಲಿದ್ದ ಆ ಕಾರ್ಖಾನೆಯ ಧಣಿ ಯಾವ ಸಾಹುಕಾರನೂ ಅಲ್ಲ. ಸುವಾರ್ತೆ ಸಾರಲೆಂದು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಿಂದ ಬಂದಿದ್ದ ಪಾದ್ರಿಗಳ ಮಿಶನ್.

ನಮ್ಮ ಜಿಲ್ಲೆಯ ಚರ್ಚುಗಳ ದಾನಧರ್ಮದ ಬಗ್ಗೆ ಬರೆಯುವವರು ಕರುಣೆಯಿಂದ ಶುರುಮಾಡುತ್ತಾರೆ. ಶತಮಾನೋತ್ಸವದ ಸ್ಮರಣ ಸಂಚಿಕೆಗಳನ್ನು ತೆಗೆದು ನೋಡಿ, ಮೊದಲ ಪುಟದಲ್ಲೇ ಕಣ್ಣೀರು ಒರೆಸಿದ ಕೈಗಳು ಬರುತ್ತವೆ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಈಗ ನಮ್ಮ ಸಭೆಯ ಬಡವರ ನಿಧಿಯ ಪುಸ್ತಕ ನನ್ನ ಕಪಾಟಿನಲ್ಲಿದೆ. ಕೊಟ್ಟದ್ದೆಷ್ಟು ಎಂಬುದಕ್ಕಿಂತ ಮೊದಲು, ಕೊಡುವುದಕ್ಕೆ ಎಲ್ಲಿಂದ ಬಂತು ಎಂದು ಕೇಳುವುದು ನನ್ನ ಚಾಳಿ. ಹಾಗೆ ಕೇಳುತ್ತ ಹೋದರೆ ಈ ಊರಿನಲ್ಲಿ ಎರಡು ಅಂಗಡಿಗಳು ಸಿಗುತ್ತವೆ. ಒಂದು ಹಂಚಿನದು, ಇನ್ನೊಂದು ಗುಳಿಗೆಯದು. ಮೊದಲನೆಯದು ನಮ್ಮ ಪ್ರಾಟೆಸ್ಟೆಂಟರದ್ದು, ಎರಡನೆಯದು ಕೆಥೋಲಿಕರದ್ದು. ಎರಡನ್ನೂ ಹುಟ್ಟಿಸಿದವರು ಜರ್ಮನರು ಎಂಬುದು ಕಾಕತಾಳೀಯ ಇರಬಹುದು. ಆದರೆ ಮುಂದೆ ಬಂದ ಯುದ್ಧ ಅದನ್ನು ಕಾಕತಾಳೀಯವಾಗಿ ಉಳಿಯಲು ಬಿಡಲಿಲ್ಲ.

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ನಾಡಿನಲ್ಲಿ ಬ್ರಿಟಿಷರಲ್ಲದ ಮಿಶನರಿಗಳಿಗೆ ಬಾಗಿಲು ತೆರೆದದ್ದು 1833ರ ಸನದು. ಮರುವರ್ಷವೇ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿಳಿದು, 1834ರ ಅಕ್ಟೋಬರ್ ಕೊನೆಗೆ ಮಂಗಳೂರಿಗೆ ಬಂದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದ. ಈತ ‘ಮಂಗಳೂರ ಸಮಾಚಾರ’ದವನು ಎಂದರೆ ಕನ್ನಡ ಬಲ್ಲವರಿಗೆಲ್ಲ ಗೊತ್ತು, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಬಂದ ಆ ಪತ್ರಿಕೆಯ ನೆನಪಿಗೆ ಇವತ್ತಿಗೂ ಪತ್ರಿಕಾ ದಿನ ಆಚರಿಸುತ್ತಾರೆ. ಮಾಜಿ ಕಲೆಕ್ಟರ್ ಬ್ಲೇರ್ ಸಾಹೇಬರು 1840ರಲ್ಲಿ ಬಲ್ಮಠದ ಗುಡ್ಡವನ್ನು ಮಿಶನ್ನಿಗೆ ಕೊಟ್ಟರು. ಶಾಲೆ, ಮುದ್ರಣಾಲಯ, ಬೋಧಕರನ್ನು ತಯಾರು ಮಾಡುವ ಸೆಮಿನರಿ ಎಲ್ಲ ಆ ಗುಡ್ಡದ ಮೇಲೆ ಬೆಳೆದವು. ಶಾಂತಿ ದೇವಾಲಯವೂ 1862ರಲ್ಲಿ ಅಲ್ಲೇ ಎದ್ದಿತು.

ಆದರೆ ಗುಡ್ಡದ ಕೆಳಗೆ ಬೇರೆಯೇ ಫಜೀತಿ ಶುರುವಾಗಿತ್ತು. ದೀಕ್ಷಾಸ್ನಾನ ಪಡೆದವರಲ್ಲಿ ಹೆಚ್ಚಿನವರು ಬಿಲ್ಲವರು. ಬಿಲ್ಲವನ ಕಸುಬು ಮೂರ್ತೆ, ಅಂದರೆ ತಾಳೆ, ತೆಂಗು, ಬೈನೆ ಹತ್ತಿ ಕಳ್ಳು ಇಳಿಸುವುದು. ಬಾಸೆಲ್‌ನಿಂದ ಬಂದವರು ಮದ್ಯವನ್ನು ಪಾಪವೆಂದು ತಿಳಿದ ಕಟ್ಟುನಿಟ್ಟಿನ ಜನ. ಕ್ರೈಸ್ತನಾದವನು ಮರ ಹತ್ತುವಂತಿಲ್ಲ ಎಂದರು. ಮರ ಇಳಿದವನು ತಿನ್ನುವುದೇನು? ಗೇಣಿಗೆ ಕೊಟ್ಟ ಧಣಿಗೆ, ತನ್ನ ಭೂತದ ಚಾಕರಿಗೆ ಬರದ ಒಕ್ಕಲು ಬೇಡ, ಹಿತ್ತಿಲು ಬಿಡಬೇಕು. ಕುಟುಂಬದವರು ನೀರು ಕೊಡುವುದಿಲ್ಲ. ಹೀಗೆ ಬಂದ ಸಂಸಾರಗಳು ಮಿಶನ್ ಕಂಪೌಂಡಿನ ಬೇಲಿಯ ಒಳಗೆ ಗುಡಿಸಲು ಹಾಕಿಕೊಂಡು ಪಾದ್ರಿಯ ಮುಖ ನೋಡುತ್ತಿದ್ದವು. ‘ಗಂಜಿಗಾಗಿ ಸೇರಿದವರು’ ಎಂದು ಊರು ಆಡಿಕೊಂಡಿತು. ನನ್ನ ಅಜ್ಜಿಯ ಕಾಲಕ್ಕೂ ಆ ಮಾತು ಸತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಯಾರಾದರೂ ಆಡಿದರೆ ಆಕೆ, “ಗಂಜಿ ಇದ್ದದ್ದನ್ನು ಬಿಟ್ಟು ಬಂದವರು ನಾವು” ಎಂದು ತುಳುವಿನಲ್ಲಿ ತಿರುಗಿ ಬೀಳುತ್ತಿದ್ದಳು. ಲೆಕ್ಕದವನಾಗಿ ನನಗೂ ಅಜ್ಜಿಯ ಮಾತೇ ಸರಿಯೆನಿಸುತ್ತದೆ. ಮಿಶನ್ ಆಮೇಲೆ ಕೊಟ್ಟ ಕೆಲಸವನ್ನು ದಾನದ ಖಾತೆಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬನ ಜೀವನೋಪಾಯ ಕಳೆದ ಮೇಲೆ ಇನ್ನೊಂದನ್ನು ಕೊಡಲೇಬೇಕಾಗುತ್ತದೆ. ಅದು ಸಾಲದ ಖಾತೆ.

ಆ ಸಾಲ ತೀರಿಸುವುದಕ್ಕೆ ಪಾದ್ರಿಗಳು ಪಟ್ಟ ಪಾಡು ಓದಿದರೆ ನಗುವೂ ಬರುತ್ತದೆ, ಅಯ್ಯೋ ಎಂದೂ ಅನಿಸುತ್ತದೆ. ಮೊದಲು ಬೇಸಾಯ ಹಿಡಿದರು. ಬಲ್ಮಠದ ಮುರಕಲ್ಲಿನ ಗುಡ್ಡದ ಮೇಲೆ ಕಾಫಿ ನೆಟ್ಟರು, ಸಕ್ಕರೆ ಮಾಡಲು ನೋಡಿದರು, ಯಾವುದೂ ಏಳಿಗೆಯಾಗಲಿಲ್ಲ. ಆಮೇಲೆ ಗಡಿಯಾರ! ಸ್ವಿಸ್ ನಾಡಿನವರಿಗೆ ಗಡಿಯಾರ ಬಿಟ್ಟು ಬೇರೆ ಕಸುಬು ತಲೆಗೆ ಹೊಳೆಯದಿದ್ದದ್ದು ಸಹಜವೇ. 1840ರ ದಶಕದಲ್ಲಿ ಗಡಿಯಾರ ಮಾಡುವ ಕೆಲಸಗಾರರನ್ನು ಕರೆಸಿ ಹುಡುಗರಿಗೆ ಕಲಿಸಿದರು. ಸೂರ್ಯ ನೆತ್ತಿಗೆ ಬಂದಾಗ ಉಣ್ಣುವ, ಮಸೀದಿಯ ಬಾಂಗಿಗೂ ದೇವಸ್ಥಾನದ ಗಂಟೆಗೂ ಏಳುವ ಊರಿನಲ್ಲಿ ಗಡಿಯಾರಕ್ಕೆ ಗಿರಾಕಿಗಳೆಲ್ಲಿ? ಅದೂ ಮುಚ್ಚಿತು. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಮಾತ್ರ ಮುದ್ರಣಾಲಯದ ಬೆನ್ನಿಗೆ ನಿಂತು ಉಳಿಯಿತು.

ಸ್ವಲ್ಪ ಉಸಿರಾಡುವಂತೆ ಆದದ್ದು ನೇಯ್ಗೆಯಿಂದ. 1851ರಲ್ಲಿ ಯೋಹಾನ್ನೆಸ್ ಹಾಲರ್ ಎಂಬ ನೇಕಾರ ಬಂದ ಮೇಲೆ ಯುರೋಪಿನ ಮಾದರಿಯ ಮಗ್ಗ, ಬಣ್ಣದ ಕಡಾಯಿ ಎಲ್ಲ ಬಂದವು. ಖಾಕಿ ಬಣ್ಣ ಹುಟ್ಟಿದ್ದು ಬಲ್ಮಠದಲ್ಲಿ ಎಂದು ನಮ್ಮವರು ಎದೆಯುಬ್ಬಿಸಿ ಹೇಳುವುದು ಹಾಲರನನ್ನು ನೆನೆದು. ಪಂಜಾಬಿನ ಗೈಡ್ಸ್ ಪಡೆ 1840ರ ದಶಕದಲ್ಲೇ ಖಾಕಿ ತೊಟ್ಟಿತ್ತು, ಆದ್ದರಿಂದ ಈ ಜಂಬವನ್ನು ಕೊಂಚ ಇಳಿಸಬೇಕು. ಒಗೆದರೂ ಹೋಗದ ಖಾಕಿಯನ್ನು ಇಲ್ಲಿ ಸಾಧಿಸಿದರು ಎಂಬಷ್ಟಕ್ಕೆ ನಿಲ್ಲಿಸಿದರೆ ಜಗಳವಿಲ್ಲ. ಇದೇ ಹೊತ್ತಿಗೆ ಪ್ಲೈಡರರ್ ಎಂಬ ವ್ಯಾಪಾರಿಯನ್ನು ಬಾಸೆಲ್‌ನವರು ಮಂಗಳೂರಿಗೆ ಕಳಿಸಿದರು. ಪಾದ್ರಿಯಲ್ಲ, ವ್ಯಾಪಾರಿ! ಮಿಶನ್ ಅಂಗಡಿ ತೆರೆಯಿತು. 1859ರಲ್ಲಿ ಬಾಸೆಲ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವ್ಯಾಪಾರ ಕಂಪನಿ ಕಟ್ಟಿದರು. ಷೇರುದಾರರಿಗೆ ಮಿತಿಯ ಲಾಭಾಂಶ, ಮಿಕ್ಕದ್ದು ಮಿಶನ್ನಿಗೆ. ಧರ್ಮ ಒಂದು ಪುಸ್ತಕ, ವ್ಯಾಪಾರ ಇನ್ನೊಂದು ಪುಸ್ತಕ ಎಂದು ಬೇರ್ಪಡಿಸಿದ ಆ ಬುದ್ಧಿಯನ್ನು ನಾನು ಬಹಳ ಮೆಚ್ಚುತ್ತೇನೆ. ದೇವರ ಹೆಸರಿನಲ್ಲಿ ಎರಡನ್ನೂ ಕಲಸಿ, ಕೊನೆಗೆ ಲೆಕ್ಕ ಕೊಡಲಾಗದೆ ಒದ್ದಾಡಿದ ಎಷ್ಟೋ ಸಂಘಗಳನ್ನು ನನ್ನ ಸರ್ವಿಸಿನಲ್ಲಿ ಕಂಡಿದ್ದೇನೆ.

ಹಂಚಿನ ಕಥೆಗೆ ಬರೋಣ. ಗೇಯೋರ್ಗ್ ಪ್ಲೆಬ್ಸ್ಟ್ ಮುದ್ರಣಾಲಯ ನೋಡಿಕೊಳ್ಳಲು ಬಂದವನು. ಕನ್ನಡ ಮೊಳೆಗಳನ್ನು ಚಂದ ಮಾಡಿದವನು. ಈ ಊರಿನ ಹೊಳೆದಡದ ಜೇಡಿಮಣ್ಣು ಅವನ ಕಣ್ಣಿಗೆ ಬಿತ್ತು. ರಜೆಯಲ್ಲಿ ಜರ್ಮನಿಗೆ ಹೋದವನು ಮಣ್ಣಿನ ಕೆಲಸ ಕಲಿತು ಬಂದ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹಂಚನ್ನು ಬಾಸೆಲ್‌ನ ನೆರೆಯ ಅಲ್ಸಾಸ್‌ನಲ್ಲಿ ಜಿಲಾರ್ಡೊನಿ ಸಹೋದರರು 1841ರಲ್ಲಿಯೇ ಮಾಡಿ ತೋರಿಸಿದ್ದರು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದಾಗ ಮಣ್ಣು ಹದ ಮಾಡುವ ಯಂತ್ರ ತಿರುಗಿಸಲು ಇದ್ದದ್ದು ಎರಡು ಎತ್ತು, ದಿನಕ್ಕೆ ಇಳಿಯುತ್ತಿದ್ದದ್ದು 560 ಹಂಚು. 1880ರ ದಶಕದ ಹೊತ್ತಿಗೆ ಹಬೆಯಂತ್ರ ಬಂತು. ಕುದ್ರೋಳಿ, ಮಲ್ಪೆ, ಆಚೆ ಕಲ್ಲಿಕೋಟೆ, ಕೋಡಕ್ಕಲ್, ಪಾಲಕ್ಕಾಡ್, ಫರೋಕ್‌ಗಳಲ್ಲೂ ಮಿಶನ್ನಿನ ಚಿಮಣಿಗಳು ಎದ್ದವು. ಮದ್ರಾಸಿನ ಲೋಕೋಪಯೋಗಿ ಇಲಾಖೆ ಸರಕಾರಿ ಕಟ್ಟಡಗಳಿಗೆ ಇದೇ ಹಂಚು ಹೊದೆಸಿತು. ಏಡನ್, ಪೂರ್ವ ಆಫ್ರಿಕಾ, ಸಿಲೋನ್, ಸುಮಾತ್ರಾಗಳಿಗೆ ಹಡಗು ಹೋಯಿತು. ಊರ ಉದ್ಯಮಿಗಳು ಸುಮ್ಮನೆ ಕೂರಲಿಲ್ಲ. ಕೆಲವೇ ವರ್ಷಗಳಲ್ಲಿ ಕೆಥೋಲಿಕರೂ ಆಮೇಲೆ ಉಳಿದವರೂ ಹೊಳೆದಡದ ಉದ್ದಕ್ಕೂ ಕಾರ್ಖಾನೆ ಹಾಕಿದರು. ಮುಳಿಹುಲ್ಲು ಹೊದೆಸುವ, ಪ್ರತಿವರ್ಷ ಬೇಸಗೆಯಲ್ಲಿ ಬಿಚ್ಚಿ ಮತ್ತೆ ಹೊದೆಸುವ, ಕಿಡಿ ಹಾರಿದರೆ ಕೇರಿಗೆ ಕೇರಿಯೇ ಉರಿಯುವ ಮನೆಗಳ ಕಾಲ ಮೆಲ್ಲಗೆ ಮುಗಿಯಿತು. ಊರಿಗೆ ನಮ್ಮ ಸಭೆಯಿಂದಾದ ದೊಡ್ಡ ಉಪಕಾರ ಇದೇ ಎಂದು ನಾನು ವಾದಿಸುತ್ತೇನೆ. ಇದನ್ನು ಉಪಕಾರವೆಂದು ಯಾರೂ ಮಾಡಿದ್ದಲ್ಲ, ಮಾರಿದ್ದು.

ಒಳಗಿನ ಕೆಲಸ ಹೇಗಿತ್ತೆಂದು ನನಗೆ ತಿಳಿದದ್ದು ಅಜ್ಜಿಯಿಂದ. ಆಕೆ ಕೆಲಸಕ್ಕೆ ಸೇರುವ ಹೊತ್ತಿಗೆ ಕಾರ್ಖಾನೆ ಮಿಶನ್ನಿನ ಕೈಯಲ್ಲಿರಲಿಲ್ಲ, ಆದರೆ ಆಕೆಯ ಅಪ್ಪ ಮಿಶನ್ ಕಾಲದವರು. ದೋಣಿಯಲ್ಲಿ ಬಂದ ಮಣ್ಣನ್ನು ರಾಶಿ ಹಾಕಿ ಕೊಳೆಯಬಿಡುವುದು, ಕಲ್ಲು ಆರಿಸುವುದು, ಹದವಾದ ಮಣ್ಣಿನ ಹಲಗೆಗಳನ್ನು ಅಚ್ಚಿಗೆ ಕೊಡುವುದು, ಅಚ್ಚಿನಿಂದ ಬಂದ ಹಸಿ ಹಂಚಿನ ಅಂಚು ಸವರಿ, ಮರದ ಅಟ್ಟಣೆಗಳಲ್ಲಿ ನೆರಳಿಗೆ ಒಣಗಿಸಿ, ಆಮೇಲೆ ಗೂಡಿಗೆ ಒಟ್ಟುವುದು. ಹೊರುವುದೆಲ್ಲ ಹೆಂಗಸರ ಪಾಲು. ಸುಟ್ಟು ತೆಗೆದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಒಂದನೇ ತರಗತಿ ಎರಡನೇ ತರಗತಿ ಎಂದು ಬೇರೆ ಮಾಡುತ್ತಿದ್ದರು. ಅಜ್ಜಿ ವಯಸ್ಸಾದ ಮೇಲೂ ಸಂತೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳುವಾಗ ಹಾಗೆಯೇ ತಟ್ಟುತ್ತಿದ್ದಳು. ಅಂಗಡಿಯವನು “ಅಜ್ಜೀ, ಒಡೀಬೇಡಿ ಮಾರಾಯ್ರೆ” ಎಂದು ಗೋಗರೆಯಬೇಕು.

ಮಿಶನ್ ಕಾಲದಲ್ಲಿ ಕೆಲಸ ಪ್ರಾರ್ಥನೆಯಿಂದ ಶುರು. ಆದಿತ್ಯವಾರ ರಜೆ. ಕುಡಿತ ಕೂಡದು. ಕಾಯಿಲೆಗೆಂದು, ಉಳಿತಾಯಕ್ಕೆಂದು ಕೂಲಿಯಿಂದ ಹಿಡಿಯುವ ಪದ್ಧತಿ ಇತ್ತು. ಈಗ ನಾವು ಪ್ರಾವಿಡೆಂಟ್ ಫಂಡ್, ಇ.ಎಸ್.ಐ. ಎನ್ನುವುದರ ಮೊದಲ ರೂಪವನ್ನು ಇಲ್ಲಿ ನೋಡಬಹುದು ಎಂದು ಹೊಗಳುವವರಿದ್ದಾರೆ, ತಪ್ಪಿಲ್ಲ. ಆದರೆ ಹಿಡಿದ ಕೈಯೂ ಒಂದೇ ಎಂಬುದನ್ನು ಮರೆಯಬಾರದು. ಮನೆ ಮಿಶನ್ನಿನದು, ಕೆಲಸ ಮಿಶನ್ನಿನದು, ಮಕ್ಕಳ ಶಾಲೆ ಮಿಶನ್ನಿನದು, ಸತ್ತರೆ ಹೂಳುವ ಜಾಗವೂ ಮಿಶನ್ನಿನದು. ಕುಡಿದು ಸಿಕ್ಕಿಬಿದ್ದವನು ಪಾದ್ರಿಯ ಎದುರು ನಿಲ್ಲಬೇಕು. ಪಾದ್ರಿ ಸಭೆಯಿಂದ ಹೊರಗಿಟ್ಟರೆ ಹಂಚಿನ ಗೂಡಿನ ಬಾಗಿಲೂ ಮುಚ್ಚಬಹುದು. ಧಣಿಯ ಹಿತ್ತಿಲು ಬಿಟ್ಟು ಬಂದವರು ಇನ್ನೊಂದು ಹಿತ್ತಿಲಿಗೆ ಬಂದರೇ ಎಂಬ ಪ್ರಶ್ನೆ ಬಾಸೆಲ್‌ನವರನ್ನೂ ಕಾಡಿತ್ತು. ಕಾರ್ಖಾನೆ ಬೇಕೇ ಬೇಡವೇ ಎಂದು ಪಾದ್ರಿಗಳು ತಮ್ಮತಮ್ಮಲ್ಲೇ ವರ್ಷಗಟ್ಟಲೆ ಕಾದಾಡಿದ್ದಾರೆ. ಬರಬರುತ್ತ ಕ್ರೈಸ್ತರಲ್ಲದವರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಿಡಿತ ತಾನಾಗಿಯೇ ಸಡಿಲವಾಯಿತು.

ಇನ್ನು ಗುಳಿಗೆಯ ಅಂಗಡಿ, ಮಂಗಳೂರಿನ ಕಂಕನಾಡಿಯದು.

ಕೆಥೋಲಿಕರ ಸ್ಥಿತಿ ಬೇರೆ. ಅವರು ಇಲ್ಲಿ ನಿನ್ನೆ ಮೊನ್ನೆ ಬಂದವರಲ್ಲ. ರೊಜಾರಿಯೊ ಇಗರ್ಜಿಯ ಹುಟ್ಟು 1568ರದ್ದು. 1784ರಲ್ಲಿ ಟಿಪ್ಪುವಿನ ಸೆರೆಗೆ ಶ್ರೀರಂಗಪಟ್ಟಣಕ್ಕೆ ಹೋದವರು, 1799ರ ನಂತರ ಹಿಂದಿರುಗಿ ಮತ್ತೆ ಗದ್ದೆ ತೋಟ ಮಾಡಿಕೊಂಡವರು. ಸಭೆಯವರ ಹೊಟ್ಟೆಗೆ ದಾರಿ ಹುಡುಕಬೇಕಾದ ಹೊರೆ ಅವರ ಪಾದ್ರಿಗಳ ಮೇಲೆ ನಮ್ಮಲ್ಲಿದ್ದಷ್ಟು ಇರಲಿಲ್ಲ. 1878ರ ಡಿಸೆಂಬರ್ 31ರಂದು ಜೆಸ್ವಿಟ್ ಪಾದ್ರಿಗಳ ಒಂದು ತಂಡ ಮಂಗಳೂರಿಗೆ ಬಂತು. ಹೆಚ್ಚಿನವರು ಇಟಲಿಯವರು. ಅವರೊಳಗೊಬ್ಬ ಜರ್ಮನ್, ವೆಸ್ಟ್‌ಫಾಲಿಯಾದಲ್ಲಿ 1841ರಲ್ಲಿ ಹುಟ್ಟಿದ ಆಗುಸ್ಟುಸ್ ಮುಲ್ಲರ್. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುವುದು ಅವರ ಕೆಲಸ. ಬರುವಾಗ ಒಂದು ಪೆಟ್ಟಿಗೆ ಹೋಮಿಯೋಪಥಿ ಔಷಧ ಜೊತೆಗಿತ್ತು. ಕಂಕನಾಡಿಯ ಆಲದ ಮರದ ಕೆಳಗೆ ಬಂದವರಿಗೆ ಕೊಡುತ್ತ ಕೂತರು. ಮರದ ಕೆಳಗಿನ ಅದೇ ಕೂಟಕ್ಕೆ ‘ಹೋಮಿಯೋಪಥಿಕ್ ಪೂವರ್ ಡಿಸ್ಪೆನ್ಸರಿ’ ಎಂದು ಹೆಸರಾಯಿತು.

ಬಡವರಿಗೆ ಪುಕ್ಕಟೆ ಔಷಧ ಕೊಡುವವರು ಎಲ್ಲ ಕಾಲಕ್ಕೂ ಇದ್ದರು; ಆಳ್ವರಲ್ಲೂ ಭಟ್ಟರಲ್ಲೂ ಬ್ಯಾರಿಗಳಲ್ಲೂ ನಾಟಿ ವೈದ್ಯ ಮಾಡಿ ಕಾಸು ಮುಟ್ಟದವರಿದ್ದರು. ಮುಲ್ಲರರ ಬುದ್ಧಿವಂತಿಕೆ ಬೇರೆ ಕಡೆ ಇದೆ. ಔಷಧವನ್ನು ಯುರೋಪಿನಿಂದ ತರಿಸಿ, ಇಲ್ಲಿ ಸಕ್ಕರೆ ಗುಳಿಗೆಗೆ ಸೇರಿಸಿ, ಪುಟ್ಟ ಸೀಸೆಗಳಲ್ಲಿ ತುಂಬಿ, ಪಟ್ಟಿ ಅಚ್ಚು ಹಾಕಿಸಿ, ಅಂಚೆಯ ಮೂಲಕ ಇಡೀ ಹಿಂದುಸ್ಥಾನಕ್ಕೆ ಮಾರಲು ಶುರುಮಾಡಿದರು. ಬರ್ಮಾಕ್ಕೂ ಸಿಲೋನಿಗೂ ಪಾರ್ಸೆಲ್ ಹೋಗುತ್ತಿತ್ತು. ಯಾವ ಕಾಯಿಲೆಗೆ ಯಾವ ಗುಳಿಗೆ ಎಂಬ ಕೈಪಿಡಿಗಳನ್ನು ತಾವೇ ಬರೆದರು. ಡಾಕ್ಟರು ಕಾಣದ ಊರಿನ ಸ್ಟೇಷನ್ ಮಾಸ್ತರ, ತೋಟದ ರೈಟರ್, ಶಾಲಾ ಮೇಷ್ಟ್ರು ಒಂದು ಪೆಟ್ಟಿಗೆ ತರಿಸಿಕೊಂಡರೆ ಅವನೇ ಆ ಊರಿನ ವೈದ್ಯ. ಆಗ ಮಂಗಳೂರಿಗೆ ರೈಲಿಲ್ಲ. ಅದು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಪಾರ್ಸೆಲ್ಲುಗಳು ಹಡಗಿನಲ್ಲೋ ಗಾಡಿಯಲ್ಲೋ ಹೋಗಬೇಕು. ಸಾವಿರಾರು ಮೈಲಿ ದೂರದ ಗಿರಾಕಿ ಕೊಟ್ಟ ಆಣೆ, ಕಂಕನಾಡಿಯ ಗುಡ್ಡದ ಮೇಲೆ ಮಲಗಿದ ರೋಗಿಯ ಗಂಜಿಯಾಗುತ್ತಿತ್ತು.

ಗುಳಿಗೆಯೊಳಗೆ ಔಷಧ ಎಷ್ಟಿತ್ತು, ಇತ್ತೋ ಇಲ್ಲವೋ ಎಂದು ವೈದ್ಯರು ಇವತ್ತಿಗೂ ಜಗಳವಾಡುತ್ತಾರೆ, ಆಡಲಿ. ನನ್ನ ಬ್ಯಾಂಕಿನ ಕೆಥೋಲಿಕ್ ಸ್ನೇಹಿತರೊಬ್ಬರು ನೆಗಡಿಗೂ ಮೊಣಕಾಲು ನೋವಿಗೂ ಕಂಕನಾಡಿಯ ಗುಳಿಗೆಯನ್ನೇ ನುಂಗಿ ಎಂಬತ್ತು ದಾಟಿದ್ದಾರೆ. ಕೇಳಿದರೆ, “ನಿಮಗೆಂತ ನಷ್ಟ? ಸಿಹಿ ಉಂಟು, ಪಾಪದವರಿಗೆ ದುಡ್ಡೂ ಹೋಗ್ತದೆ” ಎನ್ನುತ್ತಾರೆ. ಇದಕ್ಕೆ ಉತ್ತರ ಹುಡುಕುವುದು ಕಷ್ಟ.

ಗುಳಿಗೆಯ ದುಡ್ಡಿನಿಂದ 1890ರಲ್ಲಿ ಕುಷ್ಠರೋಗಿಗಳಿಗೆ ಸಂತ ಜೋಸೆಫರ ಆಶ್ರಯ ಎದ್ದಿತು. ಆ ರೋಗಕ್ಕೆ ಆಗ ಮದ್ದಿರಲಿಲ್ಲ. ಚಾಲಮೂಗ್ರದ ಎಣ್ಣೆ ಹಚ್ಚುವುದು, ಗಾಯ ತೊಳೆಯುವುದು, ಬಟ್ಟೆ ಸುತ್ತುವುದು ಅಷ್ಟೇ. ಗುಣಪಡಿಸುವ ಸಲ್ಫೋನ್ ಮಾತ್ರೆಗಳು ಬಳಕೆಗೆ ಬಂದದ್ದು 1940ರ ದಶಕದಿಂದ ಈಚೆಗೆ. ಅಂದರೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಟ್ಟಡದಲ್ಲಿ ನಡೆದದ್ದು ಚಿಕಿತ್ಸೆಯೆನ್ನುವುದಕ್ಕಿಂತ ಆರೈಕೆ. ಮನೆಯವರು ಕೊಟ್ಟಿಗೆಯ ಹಿಂದೆ ಎಲೆ ಹಾಕುತ್ತಿದ್ದ ಮನುಷ್ಯನಿಗೆ ಇಲ್ಲಿ ತಟ್ಟೆ, ಚಾಪೆ, ಹೆಸರು ಹಿಡಿದು ಕರೆಯುವವರು ಸಿಕ್ಕಿದರು. ಯಾವ ಜಾತಿ ಎಂದು ಕೇಳುವುದಕ್ಕೆ ಆ ರೋಗ ಬಿಡುವುದೂ ಇಲ್ಲ. 1902ರಲ್ಲಿ ಪ್ಲೇಗ್ ಮಾರಿ ಮಂಗಳೂರಿಗೆ ನುಗ್ಗಿದಾಗ ಅದಕ್ಕೂ ಒಂದು ಆಸ್ಪತ್ರೆ ಹಾಕಿದರು. ಊರು ಬಿಟ್ಟು ಗದ್ದೆಯಲ್ಲಿ ತಡಿಕೆ ಕಟ್ಟಿ ಮಲಗುತ್ತಿದ್ದ ದಿನಗಳವು. ಮುಲ್ಲರ್ 1910ರ ನವೆಂಬರ್ 1ರಂದು, ಕೆಥೋಲಿಕರ ಸಕಲ ಸಂತರ ಹಬ್ಬದ ದಿನ, ತೀರಿಕೊಂಡರು.

ಅದೇ ಕಾಲಕ್ಕೆ ಜೆಪ್ಪುವಿನ ಸಂತ ಜೋಸೆಫರ ಅನಾಥಾಲಯದಲ್ಲಿ ಹುಡುಗರಿಗೆ ಮರಗೆಲಸ, ಕಮ್ಮಾರಿಕೆ, ಎರಕ ಕಲಿಸುವ ವರ್ಕ್‌ಶಾಪು ನಡೆಯುತ್ತಿತ್ತು. ಈ ಸೀಮೆಯ ಎಷ್ಟೋ ಇಗರ್ಜಿಗಳ ಪೀಠ, ಬೆಂಚು, ಮರದ ಸಂತರ ಮೂರ್ತಿಗಳು ಆ ಅನಾಥ ಹುಡುಗರ ಕೈಯಿಂದ ಬಂದವು. ಅಲ್ಲಿಯೂ ಸೂತ್ರ ಒಂದೇ: ಉಣಿಸಿದರೆ ಸಾಲದು, ಕಸುಬು ಕೊಡು, ಕಸುಬಿನ ಆದಾಯದಲ್ಲಿ ಮುಂದಿನ ಹುಡುಗನಿಗೆ ಉಣಿಸು. ಇಗರ್ಜಿಗಳ ಹೊರಗೂ ಇದೇ ಗಾಳಿ ಬೀಸುತ್ತಿತ್ತು. ಕುದ್ಮುಲ್ ರಂಗರಾಯರು 1897ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ದಲಿತ ಮಕ್ಕಳಿಗೆ ಅಕ್ಷರದ ಜೊತೆ ನೇಯ್ಗೆ, ಕೈಕಸುಬು ಕಲಿಸಿತು. ಹೆಸರಿನಲ್ಲೇ ‘ಮಿಶನ್’ ಇಟ್ಟುಕೊಂಡ ಆ ಸಾರಸ್ವತ ಬ್ರಾಹ್ಮಣರನ್ನು ಅವರ ಸ್ವಂತ ಜಾತಿಯವರೇ ಹೊರಗಿಟ್ಟರು. ನಮ್ಮ ಪಾದ್ರಿಗಳ ಬೆನ್ನಿಗೆ ಬಾಸೆಲ್ ಇತ್ತು, ಮುಲ್ಲರರ ಬೆನ್ನಿಗೆ ಜೆಸ್ವಿಟ್ ಸಂಘವಿತ್ತು. ರಂಗರಾಯರ ಬೆನ್ನಿಗೆ ಯಾರೂ ಇರಲಿಲ್ಲ. ಮೂವರಲ್ಲಿ ನನ್ನ ಲೆಕ್ಕಕ್ಕೆ ದೊಡ್ಡವರು ಅವರೇ, ನಮ್ಮ ಸಭೆಯ ಹಿರಿಯರು ಇದಕ್ಕೆ ಏನು ಬೇಕಾದರೂ ಹೇಳಲಿ.

1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ನಿಧಿ ತೆರೆದರು, ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಇನ್ನೊಂದು. 1912ರಲ್ಲಿ ಪಿ.ಎಫ್.ಎಕ್ಸ್. ಸಲ್ಡಾನ್ಹಾ ಅವರು ಕೆಥೋಲಿಕರಿಗೊಂದು ಸಹಕಾರಿ ಸಂಘ ಮಾಡಿದರು, ಈಗಿನ ಎಂ.ಸಿ.ಸಿ. ಬ್ಯಾಂಕ್. ಬ್ಯಾಂಕುಗಳ ತವರು ಎಂದು ಈ ಜಿಲ್ಲೆಯನ್ನು ಕರೆಯುತ್ತಾರಲ್ಲ, ಅವುಗಳಲ್ಲಿ ಹಲವಕ್ಕೆ ಬುನಾದಿ ಇಂಥದ್ದೇ ಯೋಚನೆ. ಬಡವನಿಗೆ ಬಡ್ಡಿಯಲ್ಲಿ ದಯೆ ತೋರಿಸಬಹುದು, ಅಸಲನ್ನು ಮಾತ್ರ ವಸೂಲು ಮಾಡಬೇಕು. ನಾನು ಮೂರು ದಶಕಕ್ಕೂ ಹೆಚ್ಚು ಉಂಡದ್ದು ಆ ಅನ್ನವನ್ನೇ, ಆದ್ದರಿಂದ ಇಲ್ಲಿ ಪಕ್ಷಪಾತ ಇದ್ದೇ ಇರುತ್ತದೆ.

1914ರಲ್ಲಿ ಯುದ್ಧ ಬಂತು. ಜರ್ಮನ್ ಪಾಸ್‌ಪೋರ್ಟಿನ ಬಾಸೆಲ್ ಮಿಶನರಿಗಳು ಒಂದೇ ಏಟಿಗೆ ಶತ್ರುಗಳಾದರು. ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ ಆಮೇಲೆ ಊರಿಗೆ ಅಟ್ಟಿದರು. ಹಂಚಿನ ಕಾರ್ಖಾನೆಗಳು, ಮಗ್ಗಗಳು, ಅಂಗಡಿಗಳು ಶತ್ರುಗಳ ಆಸ್ತಿ ಎಂದು ಸರಕಾರದ ಕೈಗೆ ಹೋಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಸೇರಿದವು. ಹಂಚಿನ ಮೇಲಿನ ಹೆಸರೂ ಬದಲಾಯಿತು. ಇತ್ತ ಕಂಕನಾಡಿಗೆ ಏನೂ ಆಗಲಿಲ್ಲ. ಸ್ಥಾಪಕ ಜರ್ಮನನೇ ಆದರೂ ನಾಲ್ಕು ವರ್ಷ ಮೊದಲೇ ಮಣ್ಣಿಗೆ ಸೇರಿದ್ದರು. ಮಂಗಳೂರಿನ ಜೆಸ್ವಿಟರು ವೆನಿಸ್ ಪ್ರಾಂತದವರು, ಇಟಲಿ 1915ರಲ್ಲಿ ಬ್ರಿಟಿಷರ ಕಡೆ ಸೇರಿತು. ಗುಳಿಗೆ ಪಾರ್ಸೆಲ್ಲು ಹೋಗುತ್ತಲೇ ಇತ್ತು.

ಇಲ್ಲಿ ನನಗೆ ಕುತೂಹಲ ಹುಟ್ಟಿಸುವುದು ನಮ್ಮವರ ಪಾಡು. ಎಂಬತ್ತು ವರ್ಷ ಕೆಲಸ, ಮನೆ, ಶಾಲೆ ಎಲ್ಲವನ್ನೂ ಒದಗಿಸಿದ ಕೈ ರಾತ್ರೋರಾತ್ರಿ ಮಾಯವಾದಾಗ ಸಭೆ ಚೆದುರಿಹೋಗಬೇಕಿತ್ತು. ಹೋಗಲಿಲ್ಲ. ಊರಿನ ಸಭಾಪಾಲಕರು, ಉಪಾಧ್ಯಾಯರು, ಅಚ್ಚುಕೂಟದ ಮೊಳೆ ಜೋಡಿಸುವವರು, ಹಂಚಿನ ಮೇಸ್ತ್ರಿಗಳು ಆಡಳಿತಕ್ಕೆ ಹೆಗಲು ಕೊಟ್ಟರು. ದೊಡ್ಡ ಹಣದ ಕಾಲ ಮುಗಿದು ಚಿಲ್ಲರೆಯ ಕಾಲ ಬಂತು. ಹೆಂಗಸರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕಿ, ತಿಂಗಳಿಗೊಮ್ಮೆ ದೇವಾಲಯಕ್ಕೆ ತರುವುದು. ಬೆಳೆ ಹಬ್ಬದ ದಿನ ಬಾಳೆಗೊನೆ, ಸೌತೆ, ಹುಂಜ, ಮೊದಲ ತೆಂಗು ತಂದು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ಹಾಕುವುದು. ಹತ್ತು ರೂಪಾಯಿಯ ಕುಂಬಳಕಾಯಿ ಇಬ್ಬರು ಭಾವಂದಿರ ಹಟಕ್ಕೆ ಸಿಕ್ಕಿ ನೂರಕ್ಕೆ ಹೋದದ್ದನ್ನು ನಾನೇ ಬರೆದುಕೊಂಡಿದ್ದೇನೆ. ಬಡವರ ನಿಧಿಗೆ ಅದಕ್ಕಿಂತ ಸುಖದ ಆದಾಯ ಇನ್ನೊಂದಿಲ್ಲ, ಕೊಟ್ಟವರಿಗೆ ಕೊಟ್ಟದ್ದೇ ಗೊತ್ತಾಗುವುದಿಲ್ಲ. ಕೆಥೋಲಿಕರಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಇದನ್ನು ಇನ್ನೂ ನಾಜೂಕಾಗಿ ಮಾಡುತ್ತಾರೆ. 1833ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಆ ಸಭೆಯ ಕೂಟದಲ್ಲಿ ಒಂದು ಚೀಲ ಸುತ್ತು ಬರುತ್ತದೆ. ಎಲ್ಲರೂ ಮುಷ್ಟಿ ಕಟ್ಟಿ ಒಳಗೆ ಕೈ ಹಾಕಬೇಕು. ಯಾರು ನೂರು ಹಾಕಿದರು, ಯಾರು ಬರಿಗೈ ಆಡಿಸಿದರು ತಿಳಿಯುವುದಿಲ್ಲ. ಬಡವರ ಮನೆಗೆ ತಾವೇ ಹೋಗಿ ಕೊಡಬೇಕೆಂಬುದು ಅವರ ನಿಯಮ.

ಮಿಶನರಿಗಳು 1920ರ ದಶಕದಲ್ಲಿ ಮರಳಿದಾಗ ಅವರ ಕೈಯಲ್ಲಿ ಕಾರ್ಖಾನೆಯಿರಲಿಲ್ಲ. 1923ರಲ್ಲಿ ಉಡುಪಿಗೆ ಬಂದ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಸಣ್ಣದಾಗಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ಶುರುಮಾಡಿದರು. ಅದರ ಬೋರ್ಡಿನ ಮೇಲೆ ಅವರ ಹೆಸರಿದ್ದರೂ ಊರವರಿಗೆ ಅದು ಮಿಶನ್ ಆಸ್ಪತ್ರೆ. ಉಡುಪಿಯ ಹಳಬರಲ್ಲಿ ಅಲ್ಲಿ ಹುಟ್ಟದವರನ್ನು ಹುಡುಕಬೇಕು. ಕಂಕನಾಡಿಯ ಆಲದ ಮರದ ವ್ಯವಹಾರ 1985ರಲ್ಲಿ ಹೋಮಿಯೋಪಥಿ ಕಾಲೇಜಾಯಿತು, 1999ರಲ್ಲಿ ಎಂ.ಬಿ.ಬಿ.ಎಸ್. ಕಾಲೇಜು. ಆಲೋಪಥಿಯ ದೊಡ್ಡ ಕಟ್ಟಡಗಳ ನಡುವೆ ಗುಳಿಗೆ ತಯಾರಿಕೆ ಇನ್ನೂ ಇದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೊಳೆದಡದ ಜೇಡಿಮಣ್ಣು ದುಬಾರಿಯಾಯಿತು, ಕಟ್ಟಿಗೆ ಸಿಗದಾಯಿತು, ಊರು ಕಾಂಕ್ರೀಟಿನ ಟೆರೇಸಿಗೆ ಮನಸೋತಿತು.

ಈಗ ಬಡವರ ನಿಧಿಗೆ ಅರ್ಜಿ ಬರುವುದು ಅಕ್ಕಿಗಲ್ಲ. ಡಯಾಲಿಸಿಸ್, ನರ್ಸಿಂಗ್ ಕಾಲೇಜಿನ ಫೀಸು, ಕೆಲಸಕ್ಕೆಂದು ಗಲ್ಫಿಗೆ ಹೋಗಿ ಮೋಸಹೋದವನ ವಾಪಸು ಟಿಕೇಟು. ಹಿಡಿ ಅಕ್ಕಿಯಿಂದ ಇದು ಏಳುವುದಿಲ್ಲ. ಕಳೆದ ವರ್ಷ ಸಭೆಯ ಸಮಿತಿಯಲ್ಲಿ ರಸ್ತೆ ಬದಿಯ ಖಾಲಿ ಜಾಗದಲ್ಲಿ ಅಂಗಡಿ ಕೋಣೆ ಕಟ್ಟಿ ಬಾಡಿಗೆಗೆ ಕೊಡುವ ಮಾತು ಬಂತು. ಯುವಕ ಸಂಘದ ಹುಡುಗನೊಬ್ಬ ಎದ್ದು, “ದೇವರ ಜಾಗದಲ್ಲಿ ಅಂಗಡಿಯಾ ಅಂಕಲ್? ಯೇಸು ಚಾಟಿ ಹಿಡಿದದ್ದು ಯಾರ ಮೇಲೆ?” ಎಂದ. ಪ್ರಶ್ನೆ ಚೆನ್ನಾಗಿತ್ತು, ಸಭಾಪಾಲಕರೂ ತಲೆಯಾಡಿಸಿದರು. ನಾನು ಪ್ಲೈಡರರನ ಅಂಗಡಿಯ ವಿಷಯ ಹೇಳಿದೆ, ಹಂಚಿನ ಲಾಭದಲ್ಲಿ ನಡೆದ ಶಾಲೆಗಳ ಹೆಸರು ಹೇಳಿದೆ, ಬಡವರ ನಿಧಿಯಲ್ಲಿ ಉಳಿದ ಮೊತ್ತವನ್ನು ಓದಿದೆ. ಹುಡುಗ ಪಟ್ಟು ಬಿಡಲಿಲ್ಲ. ಕೊನೆಗೆ ಬಾಡಿಗೆ ನಿಧಿಗೆ ಬೇರೆಯೇ ಖಾತೆ ಇರಬೇಕು, ಕಟ್ಟಡ ರಿಪೇರಿಗೂ ಹಬ್ಬದ ಊಟಕ್ಕೂ ಅದರಿಂದ ಒಂದು ಪೈಸೆ ತೆಗೆಯಕೂಡದು, ವರ್ಷಕ್ಕೊಮ್ಮೆ ಲೆಕ್ಕವನ್ನು ದೇವಾಲಯದ ಬಾಗಿಲಲ್ಲಿ ಅಂಟಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿದ. ಲೆಕ್ಕ ಪರಿಶೀಲನೆಗೆ ಅವನ ಹೆಸರನ್ನೇ ಸೂಚಿಸಿದೆ, ಅವನು ಒಪ್ಪಿಕೊಂಡಿದ್ದಾನೆ. ಕೋಣೆಗಳ ನಕ್ಷೆ ಮಹಾನಗರಪಾಲಿಕೆಯಲ್ಲಿದೆ.